ಪೋಸ್ಟ್‌ಮ್ಯಾನ್‌ನಲ್ಲಿ ಸರಿಯಾಗಿ ಹೋಗುವ ಜೇಸನ್, ಕೋಡಿನಿಂದ ಕಳಿಸಿದರೆ 400 ಬರುತ್ತಿದೆ

ಹೊಸ_ಚಿಗುರು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಾದರೂ ನೋಡಿ ಹೇಳಿ. ನಮ್ಮ ಪೈಥಾನ್ ಕೋಡಿನಿಂದ ಇನ್ನೊಂದು ತಂಡದವರ ಸರ್ವೀಸಿಗೆ ಆರ್ಡರ್ ವಿವರ ಕಳಿಸಬೇಕು. ಒಂದು ಡಿಕ್ಷನರಿ (ಕೀ ಅನ್ನುವ ಹೆಸರು, ಅದರ ವ್ಯಾಲ್ಯೂ, ಹೀಗೆ ಜೋಡಿಗಳು) ಇದೆ. ಅದರಲ್ಲಿ ಆರ್ಡರ್ ನಂಬರ್, ಗ್ರಾಹಕರ ಹೆಸರು, ಆಮೇಲೆ ಐಟಮ್‌ಗಳ ಒಂದು ಲಿಸ್ಟ್. ಲಿಸ್ಟಿನ ಒಳಗೆ ಮತ್ತೆ ಸಣ್ಣ ಸಣ್ಣ ಡಿಕ್ಷನರಿಗಳು: ವಸ್ತುವಿನ ಹೆಸರು, ಎಷ್ಟು ಬೇಕು ಅನ್ನುವುದು.

ಇದನ್ನೇ ಜೇಸನ್ (ಇಂಥ ಜೋಡಿಗಳನ್ನು ಕರ್ಲಿ ಬ್ರ್ಯಾಕೆಟ್ ಒಳಗೆ ಬರೆಯುವ ಪಠ್ಯ ರೂಪ) ಆಗಿ, ರಿಕ್ವೆಸ್ಟ್ ಕಳಿಸಿ ನೋಡುವ ಟೂಲ್ ಆದ ಪೋಸ್ಟ್‌ಮ್ಯಾನ್‌ನಲ್ಲಿ ಹಾಕಿ ಕಳಿಸಿದರೆ 201 (ಹೊಸದು ಸೇರಿತು) ಬರುತ್ತದೆ, ಆರ್ಡರ್ ಆಗುತ್ತದೆ. ಕೋಡಿನಲ್ಲಿ ರಿಕ್ವೆಸ್ಟ್ಸ್ ಲೈಬ್ರರಿಯ ಪೋಸ್ಟ್ ಫಂಕ್ಷನ್‌ಗೆ ಅದೇ ಡಿಕ್ಷನರಿಯನ್ನು 'ಡೇಟಾ' ಅನ್ನುವ ಆರ್ಗ್ಯುಮೆಂಟ್‌ನಲ್ಲಿ ಕೊಟ್ಟರೆ 400, ಅಂದರೆ ಕಳಿಸಿದ್ದೇ ಸರಿಯಿಲ್ಲ ಅನ್ನುವ ಉತ್ತರ. ಯುಆರ್‌ಎಲ್ ಅದೇ, ಟೋಕನ್ (ನಾವು ಯಾರು ಅಂತ ತೋರಿಸುವ ಗುಟ್ಟಿನ ಗುರುತು) ಅದೇ, ವಿವರಗಳೂ ಅವೇ. ಆ ತಂಡದವರನ್ನು ಕೇಳಿದರೆ "ನಮ್ಮ ಕಡೆ ಎಲ್ಲಾ ಸರಿ ಇದೆ, ನೀವು ಕಳಿಸೋದೇ ತಪ್ಪು" ಅನ್ನುತ್ತಾರೆ. ಏನು ತಪ್ಪು ಅಂತ ಮಾತ್ರ ಹೇಳುವುದಿಲ್ಲ.

ಸರಸರ

ಹೆಡರ್ ಹಾಕಿದ್ದೀರಾ? ಒಳಗಿರುವುದು ಯಾವ ಬಗೆ ಅಂತ ಹೇಳುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಅಪ್ಲಿಕೇಶನ್/ಜೇಸನ್ ಅಂತ ಹಾಕಿ, ಸರಿ ಹೋಗುತ್ತದೆ.

ಹೊಸ_ಚಿಗುರು

ಈಗ ಹಾಕಿ ನೋಡಿದೆ. ಇನ್ನೂ 400. ಮೊದಲು "ಆರ್ಡರ್ ನಂಬರ್ ಇಲ್ಲ" ಅಂತ ಬರುತ್ತಿತ್ತು, ಈಗ "ಜೇಸನ್ ಓದಲು ಆಗಲಿಲ್ಲ" ಅಂತ ಬರುತ್ತಿದೆ.

ತಂತಿ_ತುದಿ

ಸರಸರ ಅವರೇ, ಬರೀ ಹೆಡರ್ ಹಾಕಿದರೆ ಆಗುವುದಿಲ್ಲ. ಹೆಡರ್ ಅನ್ನುವುದು ಪೊಟ್ಟಣದ ಮೇಲಿನ ಚೀಟಿ ಅಷ್ಟೇ. ಒಳಗೆ ಇರುವುದು ಬದಲಾಗಿಲ್ಲ, ಚೀಟಿ ಮಾತ್ರ ಬದಲಾಯಿತು. ಅದಕ್ಕೇ ಎರಡನೇ ಸಲ ಬೇರೆ ಮೆಸೇಜ್ ಬಂದಿದೆ. ಈಗ ಸರ್ವರ್ ಚೀಟಿ ನಂಬಿ ಜೇಸನ್ ಅಂತ ಓದಲು ಹೋಗಿ ಮೊದಲ ಅಕ್ಷರದಲ್ಲೇ ನಿಂತಿದೆ.

ಚಿಗುರು ಅವರೇ, ಒಂದು ಕೆಲಸ ಮಾಡಿ. ಉತ್ತರ ಬಂದ ಮೇಲೆ ಆ ರೆಸ್ಪಾನ್ಸ್ ಆಬ್ಜೆಕ್ಟ್‌ನ ಒಳಗೆ 'ರಿಕ್ವೆಸ್ಟ್' ಅಂತ ಇದೆ, ಅದರೊಳಗೆ 'ಬಾಡಿ' (ಕಳಿಸಿದ ವಿಷಯ) ಮತ್ತು 'ಹೆಡರ್ಸ್' ಇವೆ. ಅವೆರಡನ್ನೂ ಪ್ರಿಂಟ್ ಮಾಡಿ. ನೀವು ಕೊಟ್ಟ ಡಿಕ್ಷನರಿ ಬೇರೆ, ತಂತಿ ಮೇಲೆ ಹೋಗಿದ್ದು ಬೇರೆ. ಹೋಗಿದ್ದೇನು ಅಂತ ಮೊದಲು ಕಣ್ಣಾರೆ ನೋಡಿ, ಆಮೇಲೆ ಮಾತಾಡೋಣ.

ಹೊಸ_ಚಿಗುರು

ನೋಡಿದೆ, ತಲೆ ತಿರುಗಿತು. ಬಾಡಿಯಲ್ಲಿ ಕರ್ಲಿ ಬ್ರ್ಯಾಕೆಟ್ಟೇ ಇಲ್ಲ. ಆರ್ಡರ್ ನಂಬರ್, ಸಮ ಚಿಹ್ನೆ, ಅದರ ವ್ಯಾಲ್ಯೂ, ಆಮೇಲೆ ಆಂಪರ್‌ಸ್ಯಾಂಡ್, ಹೀಗೆ ಉದ್ದಕ್ಕೆ ಒಂದೇ ಸಾಲು. ಐಟಮ್‌ಗಳ ಜಾಗದಲ್ಲಿ ಬರೀ ಕೀಗಳ ಹೆಸರು ಇದೆ: ಐಟಮ್ಸ್=ನೇಮ್&ಐಟಮ್ಸ್=ಕ್ವಾಂಟಿಟಿ. ನಾನು ಕೊಟ್ಟ ವಸ್ತುವಿನ ಹೆಸರೂ ಇಲ್ಲ, ಎಷ್ಟು ಅನ್ನುವ ಸಂಖ್ಯೆಯೂ ಇಲ್ಲ. ಇವೆಲ್ಲ ಎಲ್ಲಿ ಹೋದವು?

ತಂತಿ_ತುದಿ

ಅದೇ ನಿಮ್ಮ ತೊಂದರೆ. 'ಡೇಟಾ'ಗೆ ಡಿಕ್ಷನರಿ ಕೊಟ್ಟರೆ ರಿಕ್ವೆಸ್ಟ್ಸ್ ಅದನ್ನು ವೆಬ್ ಪುಟದ ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದ ಹಾಗೆ ಕಳಿಸುತ್ತದೆ. ಫಾರ್ಮ್ ಎನ್‌ಕೋಡಿಂಗ್ ಅಂದರೆ ಒಂದು ಹೆಸರು, ಒಂದು ವ್ಯಾಲ್ಯೂ, ಅಷ್ಟೇ. ಅದಕ್ಕೆ ಒಳಗೊಂದು ಪದರ ಇದೆ ಅನ್ನುವುದು ಗೊತ್ತಿಲ್ಲ. ಒಳಗಿನ ಡಿಕ್ಷನರಿ ಸಿಕ್ಕಿದಾಗ ಅದನ್ನು ಲಿಸ್ಟಿನ ಹಾಗೆ ಒಂದೊಂದಾಗಿ ಎತ್ತಿಕೊಳ್ಳುತ್ತದೆ. ಪೈಥಾನ್‌ನಲ್ಲಿ ಡಿಕ್ಷನರಿಯನ್ನು ಹಾಗೆ ಎತ್ತಿಕೊಂಡರೆ ಕೀ ಮಾತ್ರ ಕೈಗೆ ಬರುತ್ತದೆ ಅಲ್ವಾ, ವ್ಯಾಲ್ಯೂಗಳು ಅಲ್ಲೇ ಉಳಿದವು. ಎರರ್ ಕೂಡ ಬರುವುದಿಲ್ಲ. ಸದ್ದಿಲ್ಲದೆ ಡೇಟಾ ಕಳೆದುಹೋಗುತ್ತದೆ.

'ಡೇಟಾ' ಅನ್ನುವ ಕಡೆ 'ಜೇಸನ್' ಅಂತ ಬರೆಯಿರಿ. ಒಂದೇ ಪದ ಬದಲಾವಣೆ. ಡಿಕ್ಷನರಿಯನ್ನು ಜೇಸನ್ ಮಾಡುವುದು, ಕಂಟೆಂಟ್-ಟೈಪ್ ಹಾಕುವುದು ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಈ ಸೌಲಭ್ಯ 2014ರಿಂದ, 2.4.2 ಆವೃತ್ತಿಯಿಂದ ಇದೆ. ಹಳೇ ಪಾಠಗಳಲ್ಲಿ ಇನ್ನೂ ಹಳೇ ದಾರಿಯನ್ನೇ ಹೇಳಿಕೊಡುತ್ತಾರೆ.

ಇನ್ನೊಂದು ಮಾತು. 'ಡೇಟಾ', 'ಜೇಸನ್' ಎರಡನ್ನೂ ಒಟ್ಟಿಗೆ ಕೊಡಬೇಡಿ. ಕೊಟ್ಟರೆ 'ಜೇಸನ್' ಲೆಕ್ಕಕ್ಕೇ ಬರುವುದಿಲ್ಲ.

ಸರಸರ

ಸರಿ, ಒಪ್ಪಿದೆ. ನನ್ನ ಕೋಡಿನಲ್ಲಿ ನಾನೇ ಡಂಪ್ಸ್ (ಡಿಕ್ಷನರಿಯನ್ನು ಜೇಸನ್ ಪಠ್ಯ ಮಾಡುವ ಫಂಕ್ಷನ್) ಮಾಡಿ ಸ್ಟ್ರಿಂಗ್, ಅಂದರೆ ಬರೀ ಪಠ್ಯ, ಕೊಡುತ್ತೇನೆ, ಅದಕ್ಕೆ ಹೆಡರ್ ಒಂದೇ ಸಾಕಾಗುತ್ತಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ.

ತಂತಿ_ತುದಿ

ಅದೂ ಸರಿಯಾದ ದಾರಿಯೇ. 'ಡೇಟಾ'ಗೆ ಸ್ಟ್ರಿಂಗ್ ಕೊಟ್ಟರೆ ಲೈಬ್ರರಿ ಅದನ್ನು ಮುಟ್ಟುವುದಿಲ್ಲ, ಹಾಗೇ ಕಳಿಸುತ್ತದೆ. ಆದರೆ ಆಗ ಕಂಟೆಂಟ್-ಟೈಪ್ ಕೂಡ ತಾನಾಗಿ ಹಾಕುವುದಿಲ್ಲ, ನೀವೇ ಹಾಕಬೇಕು.

ಹೊಸ_ಚಿಗುರು

ಬದಲಾಯಿಸಿದೆ, ಆದರೆ ಈಗ 422! "ಆಬ್ಜೆಕ್ಟ್ ಬೇಕಿತ್ತು, ಸ್ಟ್ರಿಂಗ್ ಬಂದಿದೆ" ಅಂತ. ಸರಸರ ಅವರು ಹೇಳಿದ ಡಂಪ್ಸ್ ಕೂಡ ಸೇರಿಸಿದ್ದೇನೆ, ಯಾವುದೂ ತಪ್ಪಬಾರದು ಅಂತ.

ಪರೀಕ್ಷಕಿ

ಎರಡು ಸಲ ಜೇಸನ್ ಮಾಡಿದ್ದೀರಿ. ಡಂಪ್ಸ್ ಒಂದು ಸಲ ಸ್ಟ್ರಿಂಗ್ ಮಾಡಿತು. 'ಜೇಸನ್' ಆರ್ಗ್ಯುಮೆಂಟ್ ಆ ಸ್ಟ್ರಿಂಗನ್ನೇ ಎತ್ತಿಕೊಂಡು ಇನ್ನೊಂದು ಸಲ ಕೋಟ್ ಹಾಕಿ, ಒಳಗಿನ ಪ್ರತಿ ಕೋಟ್‌ಗೂ ಬ್ಯಾಕ್‌ಸ್ಲ್ಯಾಶ್ ಸೇರಿಸಿ ಕಳಿಸಿತು. ಬಾಡಿ ಪ್ರಿಂಟ್ ಮಾಡಿ ನೋಡಿ. ಮೊದಲ ಅಕ್ಷರ ಕರ್ಲಿ ಬ್ರ್ಯಾಕೆಟ್ ಅಲ್ಲದೆ ಕೋಟ್ ಆಗಿದ್ದರೆ ಇದೇ ಕಾಯಿಲೆ. ಡಂಪ್ಸ್ ತೆಗೆದುಬಿಡಿ.

ನಾನು ಟೆಸ್ಟಿಂಗ್ ಕೆಲಸ ಮಾಡುವವಳು. ಒಂದು ಸರ್ವೀಸ್ ಇನ್ನೊಂದಕ್ಕೆ ಕಳಿಸಿ, ಅದು ಮೂರನೆಯದಕ್ಕೆ ಕಳಿಸುವಾಗ ಹೀಗೆ ಮೂರು ಪದರ ಬ್ಯಾಕ್‌ಸ್ಲ್ಯಾಶ್ ಬೆಳೆದಿದ್ದನ್ನೂ ನೋಡಿದ್ದೇನೆ. ಪ್ರತಿ ತಂಡವೂ ತಮ್ಮ ಕಡೆ ಒಂದು ಸಲ ಪಾರ್ಸ್ ಮಾಡಿ (ಪಠ್ಯ ಓದಿ ಬಿಡಿಸಿ) ಕೈತೊಳೆದುಕೊಂಡಿತ್ತು.

ಹೊಸ_ಚಿಗುರು

201 ಬಂತು!! ತುಂಬಾ ಥ್ಯಾಂಕ್ಸ್. ಆದರೆ ಬಾಡಿ ಪ್ರಿಂಟ್ ಮಾಡಿದಾಗ ಒಂದು ವಿಚಿತ್ರ ಕಂಡೆ. ಗ್ರಾಹಕರ ಹೆಸರು ಕನ್ನಡದಲ್ಲಿ ಇತ್ತು. ಅಲ್ಲಿ ಹೆಸರೇ ಇಲ್ಲ, ಪ್ರತಿ ಅಕ್ಷರಕ್ಕೂ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಯು, ಆಮೇಲೆ ನಾಲ್ಕು ಅಂಕಿ. ಹೆಸರು ಹಾಳಾಯಿತಾ?

ಅಕ್ಷರ_ಪ್ರೇಮಿ

ಇಲ್ಲ, ಹಾಳಾಗಿಲ್ಲ, ಹೆದರಬೇಡಿ. ಅದು ಯುನಿಕೋಡ್ ಎಸ್ಕೇಪ್. 'ಕ' ಅಕ್ಷರದ ಯುನಿಕೋಡ್ ಸಂಖ್ಯೆ 0ಸಿ95. ಪೈಥಾನ್‌ನ ಡಂಪ್ಸ್ ಸುಮ್ನೆ ಬಿಟ್ಟರೆ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು) ಅಲ್ಲದ ಎಲ್ಲವನ್ನೂ ಹೀಗೇ ಬರೆಯುತ್ತದೆ. ಆ ಕಡೆಯ ಪಾರ್ಸರ್ ಓದಿದಾಗ ಮತ್ತೆ 'ಕ' ಆಗುತ್ತದೆ. ಎರಡೂ ಸರಿಯಾದ ಜೇಸನ್ನೇ.

ಬೇಡ ಅನ್ನಿಸಿದರೆ ಡಂಪ್ಸ್‌ಗೆ 'ಎನ್ಶೂರ್ ಆಸ್ಕಿ' ಫಾಲ್ಸ್ ಅಂತ ಕೊಟ್ಟು, ಯುಟಿಎಫ್-8 ಅನ್ನುವ ಬೈಟ್ ರೂಪಕ್ಕೆ ಎನ್‌ಕೋಡ್ ಮಾಡಿ, ಆ ಬೈಟ್‌ಗಳನ್ನು 'ಡೇಟಾ'ದಲ್ಲಿ ಕಳಿಸಿ. ಕನ್ನಡ ಪಠ್ಯ ಜಾಸ್ತಿ ಇದ್ದರೆ ಗಾತ್ರ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಎಸ್ಕೇಪ್ ಮಾಡಿದರೆ ಒಂದು ಸಂಕೇತಕ್ಕೆ 6 ಬೈಟ್, ಯುಟಿಎಫ್-8ರಲ್ಲಿ 3 ಬೈಟ್. ನಾಲ್ಕು ಸಾಲಿನ ಆರ್ಡರ್‌ಗೆ ಈ ತಲೆನೋವು ಬೇಡ, ಹಾಗೇ ಬಿಡಿ.

ರಾತ್ರಿ_ಪಾಳಿ

ಬೈಟ್ ಮಾತು ಬಂತಲ್ಲ, ನನಗೆ ಆಗಿದ್ದನ್ನು ಹೇಳಲೇಬೇಕು. ನೋಡ್ ಜೆಎಸ್‌ನಲ್ಲಿ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವುದು) ಯಾವ ಲೈಬ್ರರಿಯೂ ಇಲ್ಲದೆ ಅದರಲ್ಲೇ ಇರುವ ಎಚ್‌ಟಿಟಿಪಿ ಮಾಡ್ಯೂಲ್ ಬಳಸಿ ಪೋಸ್ಟ್ ಮಾಡುತ್ತಿದ್ದೆ. ಬಾಡಿ ಎಷ್ಟು ಬೈಟ್ ಅಂತ ಹೇಳುವ ಕಂಟೆಂಟ್-ಲೆಂಗ್ತ್ ಹೆಡರ್ ನಾನೇ ಹಾಕಿದ್ದೆ, ಬಾಡಿ ಸ್ಟ್ರಿಂಗ್‌ನ ಲೆಂಗ್ತ್ ಎಷ್ಟಿದೆಯೋ ಅಷ್ಟು. ಇಂಗ್ಲಿಷ್ ಹೆಸರು ಇದ್ದಷ್ಟು ದಿನ ಎಲ್ಲಾ ಚೆನ್ನಾಗಿತ್ತು. ಮೊದಲ ಕನ್ನಡ ಹೆಸರು ಬಂದ ದಿನ ಸರ್ವರ್ "ಜೇಸನ್ ಅರ್ಧಕ್ಕೇ ಮುಗಿದಿದೆ" ಅಂತ ತಿರುಗಿಸಿ ಕಳಿಸಿತು.

ಲೆಕ್ಕ ನೋಡಿ. 'ಕನ್ನಡ' ಅನ್ನುವ ಪದ ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡ್‌ನಲ್ಲಿ ಕ, ನ, ವಿರಾಮ (ಒತ್ತಕ್ಷರ ಮಾಡುವ ಗುರುತು), ನ, ಡ ಅಂತ 5. ಯುಟಿಎಫ್-8ರಲ್ಲಿ 15 ಬೈಟ್. ಒಂದೇ ಅಕ್ಷರದ ಇಂಗ್ಲಿಷ್ ಕೀ ಕೊಟ್ಟು ಇದನ್ನು ಜೇಸನ್ ಮಾಡಿದರೆ ಜಾವಾಸ್ಕ್ರಿಪ್ಟ್ ಲೆಂಗ್ತ್ 13 ಅನ್ನುತ್ತದೆ, ನಿಜವಾಗಿ ಹೋಗಬೇಕಾದದ್ದು 23 ಬೈಟ್. ಸರ್ವರ್ 13 ಓದಿ ನಿಲ್ಲಿಸಿತು. ಅಂದರೆ 'ಕ' ಸಿಕ್ಕಿತು, 'ನ' ಸಿಕ್ಕಿತು, ವಿರಾಮದ ಮೂರರಲ್ಲಿ ಒಂದು ಬೈಟ್ ಸಿಕ್ಕಿತು. ಮುಚ್ಚುವ ಕೋಟ್, ಬ್ರ್ಯಾಕೆಟ್ ಹೊರಗೇ ಉಳಿದವು. ಅದೇ ಕನೆಕ್ಷನ್‌ನಲ್ಲಿ ಉಳಿದ ಹತ್ತು ಬೈಟ್‌ಗಳನ್ನು ಸರ್ವರ್ ಮುಂದಿನ ರಿಕ್ವೆಸ್ಟ್‌ನ ತಲೆ ಅಂದುಕೊಂಡು ಅದನ್ನೂ ತಿರಸ್ಕರಿಸಿತು.

ಬಫರ್‌ನ ಬೈಟ್-ಲೆಂಗ್ತ್ ಫಂಕ್ಷನ್ ಬಳಸಿದ ಮೇಲೆ ಸರಿ ಹೋಯಿತು. ಆ ರಾತ್ರಿ ಮೂರು ಗಂಟೆ ತನಕ ಎಚ್ಚರ ಇದ್ದೆ.

ಅಕ್ಷರ_ಪ್ರೇಮಿ

ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಟೆಸ್ಟ್ ಡೇಟಾದಲ್ಲಿ ಮೊದಲ ಹೆಸರೇ ಕನ್ನಡದಲ್ಲಿ ಇರಲಿ. ಒತ್ತಕ್ಷರ ಇರುವ ಹೆಸರು ಇನ್ನೂ ಒಳ್ಳೆಯದು. ನಮ್ಮ ಭಾಷೆಯ ಹೆಸರು ಬಂದ ದಿನವೇ ಪ್ರೋಗ್ರಾಮ್ ಮುರಿದು ಬೀಳುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಸರಸರ

ಕಂಟೆಂಟ್-ಟೈಪ್‌ನ ಕೊನೆಯಲ್ಲಿ ಚಾರ್‌ಸೆಟ್ ಯುಟಿಎಫ್-8 ಅಂತ ಸೇರಿಸಿದ್ದರೆ ಇದು ಆಗುತ್ತಿರಲಿಲ್ಲ ಅಲ್ವಾ?

ಅಕ್ಷರ_ಪ್ರೇಮಿ

ಆಗುತ್ತಿತ್ತು. ಉದ್ದದ ಲೆಕ್ಕ ತಪ್ಪಿದ್ದಕ್ಕೂ ಚಾರ್‌ಸೆಟ್‌ಗೂ ಸಂಬಂಧ ಇಲ್ಲ. ಜೇಸನ್ನಿಗೆ ಚಾರ್‌ಸೆಟ್ ಅನ್ನುವ ಪ್ಯಾರಾಮೀಟರ್ ಕೂಡ ಇಲ್ಲ. 2017ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 8259 (ಜೇಸನ್ನಿನ ನಿಯಮ ಬರೆದಿರುವ ದಾಖಲೆ) ನೋಡಿ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ಜೇಸನ್ ಕಳಿಸುವಾಗ ಯುಟಿಎಫ್-8 ಆಗಿಯೇ ಇರಬೇಕು, ಮುಂದೆ ಬಿಒಎಂ (ಎನ್‌ಕೋಡಿಂಗ್ ಸೂಚಿಸುವ ಗುರುತಿನ ಬೈಟ್‌ಗಳು) ಸೇರಿಸಬಾರದು ಅಂತ ಅದರಲ್ಲಿ ಇದೆ. ಚಾರ್‌ಸೆಟ್ ಹಾಕಿದರೆ ಹೆಚ್ಚಿನ ಸರ್ವರ್‌ಗಳು ಸುಮ್ನೆ ಬಿಡುತ್ತವೆ, ಆದರೆ ಅದರಿಂದ ಉಪಯೋಗ ಏನೂ ಇಲ್ಲ.

ಹಳೇ_ಬೇರು

ನಾವು ಶುರು ಮಾಡಿದ ಕಾಲಕ್ಕೆ ಜೇಸನ್ನೇ ಇರಲಿಲ್ಲ. ಎಕ್ಸ್‌ಎಂಎಲ್‌ನಲ್ಲಿ ಸಂದೇಶ ಕಳಿಸುವ ಸೋಪ್ ಇತ್ತು. ಒಂದು ಸಂಖ್ಯೆ ಕಳಿಸಬೇಕಾದರೆ ಎನ್ವಲಪ್, ಅದರೊಳಗೆ ಬಾಡಿ, ನೇಮ್‌ಸ್ಪೇಸ್‌ಗಳು, ಇಪ್ಪತ್ತು ಸಾಲು ಎಕ್ಸ್‌ಎಂಎಲ್. ಸೋಪ್ 1.1ಕ್ಕೆ ಕಂಟೆಂಟ್-ಟೈಪ್ ಟೆಕ್ಸ್ಟ್/ಎಕ್ಸ್‌ಎಂಎಲ್, ಜೊತೆಗೆ ಸೋಪ್-ಆಕ್ಷನ್ ಅಂತ ಬೇರೆ ಹೆಡರ್. 1.2ಕ್ಕೆ ಅಪ್ಲಿಕೇಶನ್/ಸೋಪ್+ಎಕ್ಸ್‌ಎಂಎಲ್. ಒಂದಕ್ಕೊಂದು ತಪ್ಪಿದರೆ ಆಗಲೂ ಇದೇ ಗೋಳು. ಆದರೂ ಒಂದು ಒಳ್ಳೆಯದಿತ್ತು: ಡಬ್ಲ್ಯೂಎಸ್‌ಡಿಎಲ್ ಫೈಲ್ ಕೊಡುತ್ತಿದ್ದರು, ಏನು ಕಳಿಸಬೇಕು ಅನ್ನುವುದು ಅದರಲ್ಲಿ ಬರೆದೇ ಇರುತ್ತಿತ್ತು. ಈಗ ಹಲವರು ಒಂದು ಉದಾಹರಣೆ ಕೊಟ್ಟು "ಹೀಗೆ ಕಳಿಸಿ" ಅಂತಾರೆ, ಯಾವ ಫೀಲ್ಡ್ ಬೇಕೇ ಬೇಕು, ಯಾವುದು ಬಿಟ್ಟರೂ ನಡೆಯುತ್ತದೆ ಅನ್ನುವುದನ್ನು ಹೇಳುವುದೇ ಇಲ್ಲ.

ಕೆರೆದಂಡೆ

ಸರ್ವೀಸ್ ಏನು ತೆಗೆದುಕೊಳ್ಳುತ್ತದೆ ಅಂತ ಬರೆದಿಡುವ ಓಪನ್‌ಎಪಿಐ ಅದಕ್ಕೇ ಇರುವುದಲ್ವಾ ಸರ್. ಬರೆಯುವ ತಾಳ್ಮೆ ಬೇಕು ಅಷ್ಟೇ.

ಹಳೇ_ಬೇರು

ಬರೆದರೆ ಸಾಲದು, ಕೋಡ್ ಬದಲಾದಾಗ ಅದನ್ನೂ ಬದಲಾಯಿಸಬೇಕು. ಅಲ್ಲೇ ಎಲ್ಲರೂ ಎಡವುವುದು.

ಪುಟಾಣಿ_ಸರ್ವರ್

ಕಮಾಂಡ್ ಲೈನ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್ ಬಳಸುವವರಿಗೂ ಇದೇ ಬಲೆ. ಡ್ಯಾಶ್ ಡಿ (-d) ಆಯ್ಕೆ ಕೊಟ್ಟು ಜೇಸನ್ ಕಳಿಸಿದರೆ ಕರ್ಲ್ ಅದನ್ನು ಫಾರ್ಮ್ ಅಂತಲೇ ಹೇಳಿ ಕಳಿಸುತ್ತದೆ. ಇಲ್ಲಿ ಚಿಗುರು ಅವರದ್ದಕ್ಕೆ ಉಲ್ಟಾ, ಒಳಗಿರುವುದು ಸರಿ, ಚೀಟಿ ತಪ್ಪು. 2022ರ ಮಾರ್ಚ್‌ನಲ್ಲಿ 7.82.0 ಬಂದಾಗ ಡ್ಯಾಶ್ ಡ್ಯಾಶ್ ಜೇಸನ್ ಅಂತ ಹೊಸ ಆಯ್ಕೆ ಸೇರಿಸಿದರು. ಅದು ಕಂಟೆಂಟ್-ಟೈಪ್, ಆಕ್ಸೆಪ್ಟ್ ಎರಡನ್ನೂ ಹಾಕುತ್ತದೆ. ಡ್ಯಾಶ್ ಡಿ ಕೊಟ್ಟು ಫೈಲಿನಿಂದ ಓದಿಸಿದರೆ ಸಾಲು ಮುರಿಯುವ ಗುರುತುಗಳನ್ನು ಕಿತ್ತುಹಾಕುತ್ತದೆ ಅನ್ನುವುದೂ ನೆನಪಿರಲಿ. ಬಾಡಿಗೆ ಸಹಿ ಹಾಕಿ ಕಳಿಸುವ ಸರ್ವೀಸ್ ಆದರೆ ಆ ಒಂದು ಬೈಟ್‌ಗೆ ಸಹಿಯೇ ಹೊಂದುವುದಿಲ್ಲ.

ಪಿಎಚ್‌ಪಿ_ಬಳಗ

ಆ ಕಡೆ ಪಿಎಚ್‌ಪಿ ಇದ್ದರೆ ಇನ್ನೊಂದು ಇದೆ. ಜೇಸನ್ ಬಂದಾಗ ಡಾಲರ್ ಅಂಡರ್‌ಸ್ಕೋರ್ ಪೋಸ್ಟ್ ($_POST) ಅನ್ನುವ ವೇರಿಯಬಲ್ ಖಾಲಿ ಇರುತ್ತದೆ. ಅದು ಫಾರ್ಮ್‌ಗೆ ಮಾತ್ರ ತುಂಬುತ್ತದೆ. ಪಿಎಚ್‌ಪಿ ಇನ್‌ಪುಟ್ ಸ್ಟ್ರೀಮ್ ಓದಿ ಜೇಸನ್ ಡಿಕೋಡ್ ಮಾಡಬೇಕು. "ಏನೂ ಬರ್ತಾ ಇಲ್ಲ" ಅಂತ ವಾರಗಟ್ಟಲೆ ಕಳಿಸುವವರನ್ನು ಬೈದವರನ್ನು ನೋಡಿದ್ದೇನೆ, ತೊಂದರೆ ತೆಗೆದುಕೊಳ್ಳುವವರ ಕಡೆಯೇ ಇತ್ತು.

ಬ್ರೌಸರ್_ಬಾಗಿಲು

ಬ್ರೌಸರ್‌ನಿಂದ ರಿಕ್ವೆಸ್ಟ್ ಕಳಿಸುವ ಫೆಚ್ ಫಂಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ಬಾಡಿಗೆ ಆಬ್ಜೆಕ್ಟನ್ನೇ ಕೊಟ್ಟರೆ ಅದು 'ಆಬ್ಜೆಕ್ಟ್ ಆಬ್ಜೆಕ್ಟ್' ಅನ್ನುವ 15 ಅಕ್ಷರದ ಸ್ಟ್ರಿಂಗ್ ಆಗಿ ಹೋಗುತ್ತದೆ. ಸ್ಟ್ರಿಂಗಿಫೈ ಮಾಡಿ (ಜೇಸನ್ ಪಠ್ಯವಾಗಿಸಿ) ಕೊಟ್ಟರೂ ಹೆಡರ್ ಹಾಕದಿದ್ದರೆ ಕಂಟೆಂಟ್-ಟೈಪ್ ಟೆಕ್ಸ್ಟ್/ಪ್ಲೇನ್. ನೋಡ್ ಜೆಎಸ್‌ನ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್ 4ರ ಜೇಸನ್ ಮಿಡಲ್‌ವೇರ್ ಅದನ್ನು ನೋಡಿ ನನ್ನದಲ್ಲ ಅಂತ ಬಿಟ್ಟುಬಿಡುತ್ತದೆ, ನಿಮಗೆ ಖಾಲಿ ಆಬ್ಜೆಕ್ಟ್ ಸಿಗುತ್ತದೆ.

ಹೆಡರ್ ಹಾಕಿದ ಕೂಡಲೇ ಹೊಸ ಗಲಾಟೆ. ಬೇರೆ ಡೊಮೇನ್‌ಗೆ ಕಳಿಸುತ್ತಿದ್ದರೆ ಬ್ರೌಸರ್ ಮೊದಲು ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ ಅನುಮತಿ ಕೇಳುತ್ತದೆ. ಫಾರ್ಮ್, ಮಲ್ಟಿಪಾರ್ಟ್, ಟೆಕ್ಸ್ಟ್/ಪ್ಲೇನ್ ಈ ಮೂರು ಟೈಪ್‌ಗೆ ಕೇಳುವುದಿಲ್ಲ, ಜೇಸನ್ನಿಗೆ ಕೇಳುತ್ತದೆ. ಸರ್ವರ್ ಆಪ್ಷನ್ಸ್‌ಗೆ ಸರಿಯಾಗಿ ಉತ್ತರಿಸದಿದ್ದರೆ ನಿಮ್ಮ ಪೋಸ್ಟ್ ಬ್ರೌಸರ್ ಬಿಟ್ಟು ಹೊರಗೇ ಹೋಗುವುದಿಲ್ಲ. ಪೋಸ್ಟ್‌ಮ್ಯಾನ್‌ನಲ್ಲಿ ಬರುತ್ತದೆ, ಬ್ರೌಸರ್‌ನಲ್ಲಿ ಬರುವುದಿಲ್ಲ ಅನ್ನುವ ದೂರುಗಳಲ್ಲಿ ಬಹಳಷ್ಟು ಇದೇ.

ಕೆರೆದಂಡೆ

ಜೊತೆಗೆ ಇದನ್ನೂ ಸೇರಿಸಿ: 404 ಬಂದರೂ 500 ಬಂದರೂ ಫೆಚ್ ಎರರ್ ಎಸೆಯುವುದಿಲ್ಲ. ನೆಟ್‌ವರ್ಕ್ ಬಿದ್ದರೆ ಮಾತ್ರ ಎಸೆಯುತ್ತದೆ. ರೆಸ್ಪಾನ್ಸ್‌ನ 'ಓಕೆ' ನೋಡದೆ ಮುಂದೆ ಹೋಗಬೇಡಿ.

ಹೊಸ_ಚಿಗುರು

ಇಷ್ಟೊಂದು ಕಲಿತೆ, ಎಲ್ಲರಿಗೂ ಕೃತಜ್ಞತೆ. ಆದರೆ ಇವತ್ತು ಹೊಸ ತೊಂದರೆ ಬಂದಿದೆ, ಇಲ್ಲೇ ಕೇಳುತ್ತೇನೆ. ಕೆಲವು ಆರ್ಡರ್‌ಗಳು ಎರಡೆರಡು ಸಲ ಆಗುತ್ತಿವೆ. ಟೈಮ್‌ಔಟ್ ಆದರೆ ಮೂರು ಸಲ ಮತ್ತೆ ಕಳಿಸುವ ಹಾಗೆ ಲೂಪ್ ಬರೆದಿದ್ದೆ.

ಪರೀಕ್ಷಕಿ

ಟೈಮ್‌ಔಟ್ ಆಯಿತು ಅಂದರೆ ಕೆಲಸ ಆಗಲಿಲ್ಲ ಅಂತ ಅರ್ಥ ಅಲ್ಲ. ಉತ್ತರ ಬರಲಿಲ್ಲ ಅಂತ ಮಾತ್ರ. ಅವರು ಆರ್ಡರ್ ಬರೆದುಕೊಂಡಿರಬಹುದು, 201 ಕಳಿಸಿರಲೂಬಹುದು, ಅದು ದಾರಿಯಲ್ಲಿ ಕಳೆದುಹೋಯಿತು. ನೀವು ಮತ್ತೆ ಕಳಿಸಿದಿರಿ, ಅವರಿಗೆ ಅದು ಹೊಸ ಆರ್ಡರ್.

ಸರಸರ

ಹಾಗಾದರೆ ರಿಟ್ರೈ ಮಾಡಲೇಬಾರದು. ಪೋಸ್ಟ್ ಅಂದ ಮೇಲೆ ಒಂದೇ ಸಲ.

ತಂತಿ_ತುದಿ

ಅದನ್ನು ನಾನು ಒಪ್ಪುವುದಿಲ್ಲ. ರಿಟ್ರೈ ಮಾಡದಿದ್ದರೆ ಆರ್ಡರ್ ಕಳೆದುಹೋಗುತ್ತದೆ, ಗ್ರಾಹಕರಿಗೆ ಅದೂ ನಷ್ಟವೇ. ಇದಕ್ಕೆ ಇರುವ ದಾರಿ ಐಡೆಂಪೊಟೆನ್ಸಿ ಕೀ. ಪ್ರತಿ ಆರ್ಡರ್‌ಗೆ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಇರದ ಗುರುತು) ಮಾಡಿ ಹೆಡರ್‌ನಲ್ಲಿ ಕಳಿಸುವುದು. ಅದೇ ಕೀ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಏನೂ ಮಾಡದೆ ಮೊದಲಿನ ಉತ್ತರವನ್ನೇ ಕೊಡುತ್ತದೆ. ಹಣ ಪಾವತಿ ಕಂಪನಿ ಸ್ಟ್ರೈಪ್‌ನ ಎಪಿಐಯಲ್ಲಿ (ಬೇರೆ ಪ್ರೋಗ್ರಾಮ್‌ಗಳು ಅವರ ಸರ್ವೀಸನ್ನು ಬಳಸುವ ದಾರಿ) ಇದು ಇದೆ, ಅವರ ಡಾಕ್ಯುಮೆಂಟ್ ಓದಿದರೆ ಚೆನ್ನಾಗಿ ಅರ್ಥ ಆಗುತ್ತದೆ.

ಕೀಯನ್ನು ಲೂಪಿನ ಹೊರಗೆ ಮಾಡಿ. ಒಳಗೆ ಮಾಡಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಕೀ ಬರುತ್ತದೆ, ಇಡೀ ಕೆಲಸ ವ್ಯರ್ಥ. ನಾನು ಕೋಡ್ ರಿವ್ಯೂ ಮಾಡುವಾಗ ಈ ತಪ್ಪನ್ನೇ ಜಾಸ್ತಿ ನೋಡುವುದು. ಇನ್ನೂ ಒಳ್ಳೆಯದು ಅಂದರೆ ಕಳಿಸುವ ಮೊದಲೇ ಆರ್ಡರ್ ಜೊತೆ ಡೇಟಾಬೇಸ್‌ನಲ್ಲಿ ಬರೆದಿಡಿ. ಪ್ರೋಗ್ರಾಮ್ ನಡುವೆ ಸತ್ತು ಮತ್ತೆ ಎದ್ದರೂ ಅದೇ ಕೀ ಸಿಗುತ್ತದೆ.

ಕೆರೆದಂಡೆ

ಸ್ಟ್ರೈಪ್ ಹೆಸರು ಬಂತು ಅಂತ ಹೇಳುತ್ತೇನೆ, ಅವರ ಮೊದಲ ಆವೃತ್ತಿಯ ಎಪಿಐ ತೆಗೆದುಕೊಳ್ಳುವುದು ಫಾರ್ಮ್ ಎನ್‌ಕೋಡಿಂಗ್, ಕೊಡುವುದು ಜೇಸನ್. ಎಲ್ಲಾ ಕಡೆ ಜೇಸನ್ನೇ ಅಂತ ಕಣ್ಣು ಮುಚ್ಚಿ ಹೋಗಬೇಡಿ, ಆ ಸರ್ವೀಸ್ ಏನು ಕೇಳುತ್ತದೆ ಅನ್ನುವುದನ್ನು ಓದಿ.

ಸರಸರ

ಕೀ ಇದ್ದರೆ ರಿಟ್ರೈ ಒಪ್ಪಿದೆ. ಆದರೆ ಆ ಕಡೆಯವರು ಕೀ ಬೆಂಬಲಿಸದಿದ್ದರೆ?

ತಂತಿ_ತುದಿ

ಆಗ ನಿಮ್ಮ ಆರ್ಡರ್ ನಂಬರನ್ನೇ ಯುಆರ್‌ಎಲ್‌ನಲ್ಲಿ ಇಟ್ಟು ಪುಟ್ (ಈ ಜಾಗದಲ್ಲಿ ಇದನ್ನು ಇಡು ಅನ್ನುವ ರಿಕ್ವೆಸ್ಟ್) ಮಾಡಲು ಬಿಡುತ್ತಾರಾ ಕೇಳಿ. ಪುಟ್ ಎಷ್ಟು ಸಲ ಮಾಡಿದರೂ ಫಲ ಒಂದೇ ಆಗಿರಬೇಕು. ಅದೂ ಇಲ್ಲ ಅಂದರೆ ಮತ್ತೆ ಕಳಿಸುವ ಮೊದಲು "ಈ ನಂಬರಿನ ಆರ್ಡರ್ ಇದೆಯಾ" ಅಂತ ಕೇಳಿ ನೋಡಿ. ಮೊದಲ ರಿಕ್ವೆಸ್ಟ್ ಇನ್ನೂ ನಡೆಯುತ್ತಿದ್ದರೆ ಅದೂ ಪೂರ್ತಿ ಕಾಪಾಡುವುದಿಲ್ಲ, ಆದರೆ ಕುರುಡಾಗಿ ಕಳಿಸುವುದಕ್ಕಿಂತ ಎಷ್ಟೋ ಮೇಲು.

ರಾತ್ರಿ_ಪಾಳಿ

ಟೈಮ್‌ಔಟ್ ಹಾಕಿದ್ದೀರಲ್ಲ ಚಿಗುರು, ಅದಕ್ಕೇ ಶಭಾಷ್. ರಿಕ್ವೆಸ್ಟ್ಸ್‌ನಲ್ಲಿ ನೀವು ಕೊಡದಿದ್ದರೆ ಟೈಮ್‌ಔಟ್ ಇಲ್ಲವೇ ಇಲ್ಲ. ಗೋ ಭಾಷೆಯ ಡಿಫಾಲ್ಟ್ ಕ್ಲೈಂಟ್‌ನಲ್ಲೂ ಇಲ್ಲ. ಡಾಟ್‌ನೆಟ್‌ನ ಎಚ್‌ಟಿಟಿಪಿ-ಕ್ಲೈಂಟ್‌ನಲ್ಲಿ 100 ಸೆಕೆಂಡ್. ಒಮ್ಮೆ ನಮ್ಮ ಎಲ್ಲಾ ವರ್ಕರ್‌ಗಳೂ ಉತ್ತರ ಕೊಡದ ಒಂದು ಸರ್ವೀಸಿಗಾಗಿ ಕಾದು ಕೂತು, ಇಡೀ ಆ್ಯಪ್ ನಿಂತಿತ್ತು. ಸಿಪಿಯು ಸೊನ್ನೆ, ಎರರ್ ಲಾಗ್ ಖಾಲಿ. ಏನಾಗಿದೆ ಅಂತ ತಿಳಿಯಲು ಬಹಳ ಹೊತ್ತು ಹಿಡಿಯಿತು.

ಮತ್ತೆ ಕಳಿಸುವಾಗ ತಕ್ಷಣ ಕಳಿಸಬೇಡಿ. ಒಂದು ಸೆಕೆಂಡ್, ಎರಡು, ನಾಲ್ಕು ಹೀಗೆ ಅಂತರ ಕೊಡಿ, ಸ್ವಲ್ಪ ಏರುಪೇರು ಮಾಡಿ. 429 (ತುಂಬಾ ಸಲ ಕಳಿಸಿದ್ದೀರಿ) ಬಂದು ಜೊತೆಗೆ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದು ಹೇಳಿದಷ್ಟು ಕಾಯಿರಿ. 400, 422 ಬಂದರೆ ಮತ್ತೆ ಕಳಿಸಲೇಬೇಡಿ, ಅದೇ ಬಾಡಿಗೆ ಅದೇ ಉತ್ತರ ಬರುತ್ತದೆ.

ಪುಟಾಣಿ_ಸರ್ವರ್

ನನ್ನ ಕೋಪ ಇನ್ನೊಂದರ ಮೇಲೆ. ತಪ್ಪಾದರೂ 200 (ಎಲ್ಲಾ ಸರಿ) ಕೊಟ್ಟು ಬಾಡಿಯಲ್ಲಿ 'ಸ್ಟೇಟಸ್ ಫೇಲ್' ಅಂತ ಬರೆಯುವ ಸರ್ವೀಸ್‌ಗಳು. ಯಾವ ಮಾನಿಟರಿಂಗೂ ಅದನ್ನು ಹಿಡಿಯುವುದಿಲ್ಲ, ಎಲ್ಲಾ ಹಸಿರಾಗಿ ಕಾಣುತ್ತದೆ.

ಹಳೇ_ಬೇರು

ಅದಕ್ಕೂ ಕಾರಣ ಇತ್ತು ಮಾರಾಯರೇ. ನಡುವಿನ ಕೆಲವು ಪ್ರಾಕ್ಸಿಗಳು 500 ಕಂಡರೆ ನಾವು ಬರೆದ ಬಾಡಿ ಕಿತ್ತು ತಮ್ಮದೇ ಎಚ್‌ಟಿಎಂಎಲ್ ಪುಟ ಹಾಕುತ್ತಿದ್ದವು. ಕಾರಣ ಕಳಿಸುವವರಿಗೆ ತಲುಪಲಿ ಅಂತ 200 ಕೊಡುತ್ತಿದ್ದೆವು.

ಪುಟಾಣಿ_ಸರ್ವರ್

ಆಗ ಸರಿ ಇರಬಹುದು ಸರ್, ಈಗ ಹೊಸದಾಗಿ ಬರೆಯುವವರೂ ಹಾಗೇ ಮಾಡಿದರೆ ಹೇಗೆ?

ಹಳೇ_ಬೇರು

ಅದು ತಪ್ಪೇ. ಒಪ್ಪುತ್ತೇನೆ. ಆದರೆ ಎಚ್‌ಟಿಎಂಎಲ್ ಬರುವುದು ಈಗಲೂ ನಿಂತಿಲ್ಲ. 502 (ನಡುವಿನ ಸರ್ವರ್ ಕೊಡುವ ಎರರ್) ಬಂದಾಗ ಬಾಡಿಯನ್ನು ಕಣ್ಣುಮುಚ್ಚಿ ಜೇಸನ್ ಅಂತ ಪಾರ್ಸ್ ಮಾಡಿದರೆ ನಿಮಗೆ ಕಾಣುವುದು ಪಾರ್ಸ್ ಎರರ್, ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಮೊದಲು ಸ್ಟೇಟಸ್, ಆಮೇಲೆ ಬಂದಿರುವುದರ ಕಂಟೆಂಟ್-ಟೈಪ್, ಆಮೇಲೆ ಪಾರ್ಸ್.

ಲೆಕ್ಕದ_ಪುಸ್ತಕ

ಆರ್ಡರ್ ನಂಬರ್ ಸಂಖ್ಯೆಯಾಗಿ ಕಳಿಸುತ್ತಿದ್ದೀರಾ, ಸ್ಟ್ರಿಂಗ್ ಆಗಿಯಾ? ಉದ್ದ ಎಷ್ಟು?

ಹೊಸ_ಚಿಗುರು

ಸಂಖ್ಯೆಯಾಗಿ. 16 ಅಂಕಿ ಇದೆ. ಯಾಕೆ?

ಲೆಕ್ಕದ_ಪುಸ್ತಕ

ಆ ಕಡೆ ಜಾವಾಸ್ಕ್ರಿಪ್ಟ್ ಇದ್ದರೆ ಅಪಾಯ. ಅದರಲ್ಲಿ ಪೂರ್ಣಾಂಕ ನಂಬಿಕೆಯಿಂದ ಉಳಿಯುವುದು 9007199254740991 ತನಕ ಮಾತ್ರ. ಅದಾದ ಮೇಲೆ 9007199254740993 ಕಳಿಸಿ ನೋಡಿ, ಅಲ್ಲಿ ಕೊನೆಯ ಅಂಕಿ 2 ಆಗಿರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಎರಡು ಬೇರೆ ಆರ್ಡರ್‌ಗಳು ಒಂದೇ ನಂಬರ್ ಆಗಿಬಿಡುತ್ತವೆ. ಟ್ವಿಟರ್ ಎಪಿಐ ಇದೇ ಕಾರಣಕ್ಕೆ ಟ್ವೀಟ್ ಐಡಿಯನ್ನು ಸ್ಟ್ರಿಂಗ್ ಆಗಿ ಇನ್ನೊಂದು ಫೀಲ್ಡ್‌ನಲ್ಲೂ ಕೊಡಲು ಶುರು ಮಾಡಿತು. ಕೂಡುವುದು ಕಳೆಯುವುದು ಮಾಡದ ಸಂಖ್ಯೆಯನ್ನು ಸ್ಟ್ರಿಂಗ್ ಆಗಿಯೇ ಕಳಿಸಿ.

ತಾರೀಖೂ ಹಾಗೇ. ಜೇಸನ್ನಿನಲ್ಲಿ ತಾರೀಖು ಅನ್ನುವ ಟೈಪ್ ಇಲ್ಲ. ವರ್ಷ-ತಿಂಗಳು-ದಿನ, ಸಮಯ, ಟೈಮ್‌ಜೋನ್ ಸೇರಿಸಿ ಸ್ಟ್ರಿಂಗ್ ಮಾಡಿ, ಆರ್‌ಎಫ್‌ಸಿ 3339 ಹೇಳುವ ಹಾಗೆ. ಒಂದು ನಿಗದಿತ ದಿನದಿಂದ ಎಷ್ಟು ಸಮಯ ಆಯಿತು ಅನ್ನುವ ಎಪಕ್ ಸಂಖ್ಯೆ ಕಳಿಸಿದರೆ ಒಬ್ಬರು ಸೆಕೆಂಡ್ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಮಿಲಿಸೆಕೆಂಡ್ ಅಂದುಕೊಳ್ಳುತ್ತಾರೆ.

ಮಿಂಚು

ಇಷ್ಟೆಲ್ಲ ಕಷ್ಟ ಯಾಕೆ, ಪ್ರೋಟೋಬಫ್ ಅನ್ನುವ ಬೈನರಿ ರೂಪ ಬಳಸಿ. ಟೈಪ್ ಪಕ್ಕಾ ಇರುತ್ತದೆ, ಗಾತ್ರವೂ ಸಣ್ಣದು.

ತಂತಿ_ತುದಿ

ಆ ಕಡೆಯವರು ಜೇಸನ್ ಮಾತ್ರ ತೆಗೆದುಕೊಳ್ಳುತ್ತಾರೆ, ಇವರು ಪ್ರೋಟೋಬಫ್ ಕಳಿಸಿ ಏನು ಮಾಡಲಿ?

ಮಿಂಚು

ಅದೂ ನಿಜ. ಎರಡೂ ಕಡೆ ನಮ್ಮದೇ ಆಗಿದ್ದಾಗ ಅಂತ ಹೇಳಿದೆ.

ಕೆರೆದಂಡೆ

ನಲ್ (ಏನೂ ಇಲ್ಲ ಅನ್ನುವ ವ್ಯಾಲ್ಯೂ) ಬಗ್ಗೆ ಒಂದು ಪ್ರಶ್ನೆ. ಫೋನ್ ನಂಬರ್ ಇಲ್ಲದಿದ್ದರೆ ನಲ್ ಕಳಿಸುತ್ತೀರಾ, ಫೀಲ್ಡನ್ನೇ ಬಿಡುತ್ತೀರಾ? ನಮ್ಮಲ್ಲಿ ಇದರ ಮೇಲೆ ದೊಡ್ಡ ವಾದವೇ ನಡೆದಿದೆ.

ಪರೀಕ್ಷಕಿ

ಹೊಸದಾಗಿ ಸೇರಿಸುವಾಗ ಎರಡೂ ಹೆಚ್ಚುಕಮ್ಮಿ ಒಂದೇ. ಬದಲಾಯಿಸುವಾಗ ಒಂದೇ ಅಲ್ಲ. ಇರುವುದನ್ನು ತಿದ್ದುವ ಮರ್ಜ್ ಪ್ಯಾಚ್ ನಿಯಮದಲ್ಲಿ ನಲ್ ಅಂದರೆ ಅಳಿಸಿಹಾಕು, ಫೀಲ್ಡ್ ಇಲ್ಲ ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ. ಒಂದು ಮೊಬೈಲ್ ಆ್ಯಪ್ ತುಂಬದ ಎಲ್ಲಾ ಫೀಲ್ಡ್‌ಗೂ ನಲ್ ಹಾಕಿ ಪ್ಯಾಚ್ ಕಳಿಸುತ್ತಿತ್ತು. ಹೆಸರು ತಿದ್ದಲು ಹೋದವರ ವಿಳಾಸ, ಫೋನ್ ಎಲ್ಲಾ ಅಳಿಸಿಹೋಯಿತು. ಆ ಬಗ್ ವರದಿ ಬರೆದವಳು ನಾನೇ.

ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗಿಫೈ ಅನ್‌ಡಿಫೈನ್ಡ್ ಇರುವ ಕೀಯನ್ನು ಬಿಟ್ಟುಬಿಡುತ್ತದೆ, ನಲ್ ಇದ್ದರೆ ನಲ್ ಅಂತಲೇ ಬರೆಯುತ್ತದೆ. ಯಾವುದು ಹೋಗುತ್ತಿದೆ ಅಂತ ನೋಡಿಕೊಳ್ಳಿ.

ಹೊಸ_ಚಿಗುರು

ಅಪ್‌ಡೇಟ್: ಆ ತಂಡದವರು ಐಡೆಂಪೊಟೆನ್ಸಿ ಕೀ ತೆಗೆದುಕೊಳ್ಳುತ್ತಾರಂತೆ, ಡಾಕ್ಯುಮೆಂಟ್‌ನಲ್ಲಿ ಮಾತ್ರ ಇರಲಿಲ್ಲ. ಕೀ ಲೂಪಿನ ಹೊರಗೆ ಮಾಡಿದೆ, ಆರ್ಡರ್ ನಂಬರ್ ಸ್ಟ್ರಿಂಗ್ ಮಾಡಿದೆ. ಎರಡೆರಡು ಆರ್ಡರ್ ನಿಂತಿತು.

ಆದರೆ ಟೆಸ್ಟ್ ಸರ್ವರ್‌ನಲ್ಲಿ ಮಾತ್ರ ಪೋಸ್ಟ್ ಮಾಡಿದರೆ 200 ಬಂದು ಆರ್ಡರ್‌ಗಳ ಪಟ್ಟಿ ಬರುತ್ತಿದೆ, ಹೊಸ ಆರ್ಡರ್ ಆಗುತ್ತಿಲ್ಲ.

ತಂತಿ_ತುದಿ

ರೆಸ್ಪಾನ್ಸ್‌ನ 'ಹಿಸ್ಟರಿ' ಪ್ರಿಂಟ್ ಮಾಡಿ. ರಿಡೈರೆಕ್ಟ್ (ಬೇರೆ ಯುಆರ್‌ಎಲ್‌ಗೆ ಹೋಗು ಅನ್ನುವ ಉತ್ತರ) ಆಗಿರಬೇಕು. 301, 302 ಬಂದರೆ ರಿಕ್ವೆಸ್ಟ್ಸ್ ಪೋಸ್ಟನ್ನು ಗೆಟ್ (ಇರುವುದನ್ನು ಕೊಡಿ ಅನ್ನುವ ರಿಕ್ವೆಸ್ಟ್) ಮಾಡಿ ಮುಂದೆ ಹೋಗುತ್ತದೆ, ಬಾಡಿ ಬಿದ್ದುಹೋಗುತ್ತದೆ. 307, 308 ಆಗಿದ್ದರೆ ಪೋಸ್ಟ್ ಪೋಸ್ಟ್ ಆಗಿಯೇ ಉಳಿಯುತ್ತಿತ್ತು. ಯುಆರ್‌ಎಲ್ ಎಚ್‌ಟಿಟಿಪಿಯಿಂದ ಶುರುವಾಗಿದೆಯಾ, ಕೊನೆಯ ಸ್ಲ್ಯಾಶ್ ಇದೆಯಾ?

ಹೊಸ_ಚಿಗುರು

ಹಿಸ್ಟರಿಯಲ್ಲಿ ಒಂದು 301 ಇದೆ. ಟೆಸ್ಟ್ ಕಾನ್ಫಿಗ್‌ನಲ್ಲಿ ಎಸ್ ಇಲ್ಲದ ಎಚ್‌ಟಿಟಿಪಿ ಇತ್ತು. ಎಸ್ ಸೇರಿಸಿದೆ, 201 ಬಂತು.

ರಾತ್ರಿ_ಪಾಳಿ

ಹಾಗಾದರೆ ಇಷ್ಟು ದಿನ ನಿಮ್ಮ ಟೋಕನ್ ಆ ಮೊದಲ ರಿಕ್ವೆಸ್ಟ್‌ನಲ್ಲಿ ಬೀಗ ಇಲ್ಲದೆ (ಎನ್‌ಕ್ರಿಪ್ಟ್ ಆಗದೆ) ಹೋಗಿದೆ. ಆ ಟೋಕನ್ ಇವತ್ತೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಹೊಸ_ಚಿಗುರು

ಅವರಿಗೆ ಈಗಲೇ ಮೆಸೇಜ್ ಹಾಕಿದೆ. ಹಳೆಯದು ರದ್ದಾಯಿತು, ಹೊಸ ಟೋಕನ್ ಬಂತು.